ಪದಚರ್ಚೆ: ‘ರೀಸನಬಲ್ ಅಕಾಮಡೇಶನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ದೃಶ್ಯಕಲಾ ಕಾಲೇಜೊಂದರಲ್ಲಿ ರೇಖಾಚಿತ್ರ ಕಲಿಸುವವಳು. ಪದವಿ ವಿದ್ಯಾರ್ಥಿಗಳ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಶುಲ್ಕ, ಹಾಜರಾತಿ, ಗ್ರಂಥಾಲಯದ ದಂಡ ಎಲ್ಲವೂ ಸಲೀಸಾಗಿ ಮುಗಿದವು. ಅಂಗವಿಕಲ ವಿದ್ಯಾರ್ಥಿಗಳ ಕುರಿತ ಎರಡು ಪುಟಗಳಿಗೆ ಬಂದು ಮೂರು ವಾರದಿಂದ ನಿಂತಿದ್ದೇನೆ. ದಾರಿಗೆ ಅಡ್ಡವಾಗಿರುವುದು ಒಂದೇ ಪದ, ರೀಸನಬಲ್ ಅಕಾಮಡೇಶನ್.

‘ಅಂಗವಿಕಲ’ ಎಂದದ್ದನ್ನು ಯಾರಾದರೂ ತಿದ್ದುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿ ಇರುವುದು ‘ವಿಕಲಚೇತನ’. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಹೇಳಿದ ಮೇಲೆ ‘ದಿವ್ಯಾಂಗ’ವೂ ಓಡಾಡುತ್ತಿದೆ. ಅಂಗವಿಕಲ ಎಂದರೆ ಊನ ಅಂಗಕ್ಕಷ್ಟೇ ನಿಲ್ಲುತ್ತದೆ. ವಿಕಲಚೇತನ ಎಂದಾಗ ಅದು ಚೇತನಕ್ಕೇ ಅಂಟಿಕೊಳ್ಳುತ್ತದೆ. ಮೃದು ಮಾಡಲು ಹೋಗಿ ಇನ್ನಷ್ಟು ಬಿರುಸು ಮಾಡಿದ ಹಾಗಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸುವ 21 ಬಗೆಗಳಲ್ಲಿ ಕಲಿಕೆಯ ತೊಡಕು, ಮಾನಸಿಕ ಕಾಯಿಲೆಗಳೂ ಸೇರಿರುವುದರಿಂದ ‘ಅಂಗ’ವೂ ಪೂರ್ತಿ ಒಪ್ಪುವುದಿಲ್ಲ, ಬಲ್ಲೆ. ಆದರೆ ಇವತ್ತಿನ ನನ್ನ ತಕರಾರು ಬೇರೆ.

ರೀಸನಬಲ್ ಅಕಾಮಡೇಶನ್ ಎಂಬುದಕ್ಕೆ ಆ ಕಾಯಿದೆ ಕೊಡುವ ವಿವರಣೆಯ ಸಾರ ಇಷ್ಟು: ಉಳಿದವರ ಸಮಕ್ಕೆ ತನ್ನ ಹಕ್ಕನ್ನು ಅನುಭವಿಸಲು ಒಬ್ಬ ವ್ಯಕ್ತಿಗೆ ಬೇಕಾದ, ಮಾಡುವವರಿಗೆ ಮಿತಿಮೀರಿದ ಹೊರೆಯಾಗದ, ತಕ್ಕ ಮಾರ್ಪಾಡು. ಇದಕ್ಕೆ ನಮ್ಮ ಕಾಲೇಜಿನಲ್ಲಿ ಈವರೆಗೆ ಚಾಲ್ತಿಯಲ್ಲಿದ್ದ ಕನ್ನಡ ಪದ ‘ವಿನಾಯಿತಿ’. ಆ ಪದ ಮಾಡಿದ ಅನಾಹುತವನ್ನು ಹೇಳಿದರೆ ನನ್ನ ಪ್ರಶ್ನೆ ಅರ್ಥವಾದೀತು.

ಎರಡನೆಯ ವರ್ಷದ ಹುಡುಗಿಯೊಬ್ಬಳಿಗೆ ನೋಟದ ನಡುಭಾಗ ಹೋಗಿದೆ. ಅಂಚಿನಿಂದ, ಹತ್ತಿರದಿಂದ ಕಾಣುತ್ತದೆ. ಲೈಫ್ ಸ್ಟಡಿ ತರಗತಿಯಲ್ಲಿ, ಎಂದರೆ ಎದುರಿಗಿರುವ ವ್ಯಕ್ತಿಯನ್ನು ನೋಡಿ ಚಿತ್ರ ಬರೆಯುವಲ್ಲಿ, ಮಾಡೆಲ್ ನಡುವೆ, ಹದಿನೈದು ಮಕ್ಕಳು ಸುತ್ತ ಡಾಂಕಿಗಳ ಮೇಲೆ. (ಬೋರ್ಡನ್ನು ಆನಿಸಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರುವ ಬೆಂಚಿಗೆ ಕಲಾಶಾಲೆಗಳಲ್ಲಿ ಡಾಂಕಿ ಎನ್ನುತ್ತೇವೆ. ಅದನ್ನು ‘ಕತ್ತೆ’ ಎಂದು ಕನ್ನಡಿಸುವ ಧೈರ್ಯ ನನಗಂತೂ ಬಂದಿಲ್ಲ.) ಅವಳು ಕೇಳಿದ್ದು ಎರಡೇ: ತನ್ನ ಡಾಂಕಿಯನ್ನು ಮಾಡೆಲ್‌ನಿಂದ ಒಂದು ಮಾರು ದೂರದಲ್ಲಿ ಹಾಕಿಕೊಳ್ಳಬೇಕು; ಪ್ಲಾಸ್ಟರ್ ಪ್ರತಿಮೆಗಳನ್ನು ಬರೆಯುವ ಮೊದಲು ಮುಟ್ಟಿ ನೋಡಬೇಕು. ಕಚೇರಿಯಲ್ಲಿ ಇದ್ದದ್ದು ಒಂದೇ ನಮೂನೆ, ತಲೆಬರಹ ‘ವಿನಾಯಿತಿ ಕೋರಿಕೆ’. ಅದನ್ನೇ ತುಂಬಿಸಿದೆವು. ಹದಿನೈದು ದಿನದ ಮೇಲೆ ಆದೇಶ ಬಂತು: ಸದರಿ ವಿದ್ಯಾರ್ಥಿನಿಗೆ ಮಾನವಾಕೃತಿ ರೇಖಾಚಿತ್ರದಿಂದ ವಿನಾಯಿತಿ ನೀಡಲಾಗಿದೆ. ಸಹಿ, ಮೊಹರು ಎಲ್ಲವೂ ಕ್ರಮವಾಗಿದ್ದವು.

“ಮೇಡಂ, ನಾನು ಕೇಳಿದ್ದು ಜಾಗ. ಇವರು ಕೊಟ್ಟದ್ದು ರಜೆ” ಎಂದಳು.

ಆದೇಶ ಬರೆದ ಗುಮಾಸ್ತರನ್ನು ದೂರಲಾರೆ. ನಮೂನೆಯ ತಲೆಬರಹ ಹೇಳಿದ್ದನ್ನೇ ಅವರು ಮಾಡಿದರು. ಕಾಯಿದೆಯ 17ನೆಯ ಸೆಕ್ಷನ್ ಪಠ್ಯಕ್ರಮ ಮತ್ತು ಪರೀಕ್ಷೆಯ ಮಾರ್ಪಾಡುಗಳಿಗೆ ಉದಾಹರಣೆಯಾಗಿ ಹೆಚ್ಚುವರಿ ಸಮಯ, ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ್ದನ್ನು ಬರೆಯುವವರು), ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಸುತ್ತದೆ. ಅಲ್ಲಿ ವಿನಾಯಿತಿ ಹಲವು ಕಾಲುದಾರಿಗಳಲ್ಲಿ ಒಂದು, ನಮ್ಮಲ್ಲಿ ಅದೇ ಹೆದ್ದಾರಿ. ಇನ್ನು ಚಿತ್ರಕಲೆಯ ಪ್ರಾಯೋಗಿಕ ಪರೀಕ್ಷೆಗೆ ಸ್ಕ್ರೈಬ್ ಕೊಟ್ಟರೆ ಗೆರೆ ಯಾರದು ಎಂದು ಕೇಳಿದರೆ ಉತ್ತರಿಸುವವರಿಲ್ಲ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ರಿಯಾಯಿತಿ’ಗೆ ಅರಬ್ಬಿಯಲ್ಲಿ ನಿಗಾ, ಕಾಳಜಿ ಎಂಬ ಒಳ್ಳೆಯ ಅರ್ಥವೇ ಇತ್ತು, ಕನ್ನಡಕ್ಕೆ ಬಂದು ಆಷಾಢ ಮಾಸದಲ್ಲಿ ಸೀರೆ ಅಂಗಡಿಯ ಫಲಕ ಹತ್ತಿ ಕೂತಿದೆ. ‘ಸೌಲಭ್ಯ’ ಎಲ್ಲರಿಗೂ ಒಟ್ಟಾಗಿ ಒದಗುವ ಇಳಿಜಾರು, ಬಸ್ ಪಾಸ್‌ಗಳಿಗೆ ಸರಿ, ಒಬ್ಬಳ ಡಾಂಕಿಯನ್ನು ಸರಿಸುವುದಕ್ಕೆ ದೊಡ್ಡದಾಯಿತು.

ನಿಘಂಟು ನೋಡಿದವರೆಲ್ಲ ಮೊದಲು ಸೂಚಿಸುವುದು ‘ಹೊಂದಾಣಿಕೆ’. ಪತ್ರಿಕೆ ಓದುವವರಿಗೆ ಈ ಪದ ಕಂಡೊಡನೆ ‘ಹೊಂದಾಣಿಕೆ ರಾಜಕಾರಣ’ ನೆನಪಾಗುತ್ತದೆ. ಅದಾದರೂ ಹೋಗಲಿ. ಗಂಡನ ಮನೆಗೆ ಹೊರಟ ಹುಡುಗಿಗೆ ‘ಹೊಂದಾಣಿಕೆ ಮಾಡಿಕೊಂಡು ಹೋಗಮ್ಮ’ ಎನ್ನುತ್ತೇವಲ್ಲ, ಅಲ್ಲಿ ಬಾಗಬೇಕಾದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನಮಗೆ ಬೇಕಾದದ್ದು ಇದರ ತಿರುವುಮುರುವು, ಬಾಗಬೇಕಾದದ್ದು ತರಗತಿ.

ಕನ್ನಡದ ಕ್ರಿಯಾಪದಗಳು ಇಲ್ಲಿ ಎಷ್ಟು ಸೂಕ್ಷ್ಮವಾಗಿವೆ ನೋಡಿ. ‘ಹೊಂದಿಕೊಳ್ಳು’ ಎಂದರೆ ಹೊರೆ ವಿದ್ಯಾರ್ಥಿಯ ಮೇಲೆ. ‘ಹೊಂದಿಸು’ ಎಂದರೆ ಕಾಲೇಜಿನ ಮೇಲೆ. ‘ಹೊಂದಿಸಿಕೊಡು’ ಎಂದೊಡನೆ ಆ ‘ಕೊಡು’ ಬಂದು ಸೇರಿ ಕಾಲೇಜು ದಾನಿಯಾಗಿಬಿಡುತ್ತದೆ. ನಡುವಿನ ‘ಹೊಂದಿಸು’ ನನಗೆ ಇಷ್ಟ, ಆದರೆ ಅದರಿಂದ ನಮೂನೆಯ ತಲೆಬರಹಕ್ಕೆ ಒಗ್ಗುವ ನಾಮಪದ ಹುಟ್ಟುತ್ತಿಲ್ಲ. ‘ಹೊಂದಿಕೆ’ ಎಂದರೆ ಮಾಡಿದವರು ಯಾರೆಂಬುದೇ ಮಾಯವಾಗುತ್ತದೆ.

ಸಂಗೀತದವರ ಬಳಿ ಈ ಭಾವನೆ ಸಿದ್ಧವಾಗಿಯೇ ಇದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರು ಕಪ್ಪು ಒಂದರಲ್ಲಿ ಹಾಡುತ್ತಾರೆ, ಇನ್ನೊಬ್ಬರು ಬಿಳಿ ಐದರಲ್ಲಿ. ಹಾಡುವವರ ಕಂಠಕ್ಕೆ ತಂಬೂರಿಯ ಶ್ರುತಿ ಹೊಂದಿಸುತ್ತಾರೆಯೇ ಹೊರತು ಅದನ್ನು ಯಾರೂ ರಿಯಾಯಿತಿ ಎನ್ನುವುದಿಲ್ಲ. ‘ಶ್ರುತಿಹೊಂದಿಕೆ’ ಎಂದು ನಮೂನೆಯಲ್ಲಿ ಅಚ್ಚು ಹಾಕಿಸಿದರೆ ಮಾತ್ರ ಪ್ರಾಂಶುಪಾಲರು ನನ್ನನ್ನು ಸಂಗೀತ ವಿಭಾಗಕ್ಕೆ ಕಳಿಸಿಯಾರು.

ಈಗ ನನ್ನ ಮನಸ್ಸು ನಿಂತಿರುವುದು ‘ಅನುವು’ ಎಂಬಲ್ಲಿ. ನಮ್ಮಜ್ಜಿ ‘ಪೂಜೆಗೆ ಅನುವು ಮಾಡು’ ಎಂದರೆ ಹೂವು, ನೀರು, ಮಣೆ ಎಲ್ಲ ಜೋಡಿಸಿ ಕೆಲಸ ನಡೆಯುವಂತೆ ಮಾಡು ಎಂದರ್ಥ. ಅದರಲ್ಲಿ ಉಪಕಾರದ ವಾಸನೆ ಇರಲಿಲ್ಲ. ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿಯವರು 1950ರ ದಶಕದ ಕೊನೆಯ ಭಾಗದಲ್ಲಿ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡ ಮೇಲೆ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, 1972ರಲ್ಲಿ ಶಾಂತಿನಿಕೇತನದ ಕಲಾಭವನದ ಗೋಡೆಗೆ ಟೈಲ್‌ಗಳ ಭಿತ್ತಿಚಿತ್ರ ರಚಿಸಿದರು. ನಮ್ಮ ತರಗತಿಯ ಟಿಪ್ಪಣಿಗಳಲ್ಲಿ ಅವರು ‘ನ್ಯೂನತೆಯನ್ನು ಮೆಟ್ಟಿ ನಿಂತವರು’. ಕಾಗದ, ಕತ್ತರಿ, ಬೆರಳು ಕೂಡಿ ಕೆಲಸಕ್ಕೆ ಅನುವಾಗಿ ಒದಗಿದವು ಎಂದರೆ ಸಾಲದೇ? ತೊಂದರೆ ಎಂದರೆ, ಈಗಿನ ಪತ್ರಿಕೆಗಳಲ್ಲಿ ‘ಅನುವು ಮಾಡಿಕೊಡಬೇಕು’ ಎಂದರೆ ‘ಅವಕಾಶ ಕೊಡಿ’ ಎಂಬ ಮನವಿಯ ಧ್ವನಿ. ‘ಕೊಡು’ ಇಲ್ಲಿಯೂ ಬಿಡಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಕಡೆ ‘ಅನುವು’ ಒಂಟಿಯಾಗಿ, ಸಿದ್ಧತೆ ಎಂಬ ಅರ್ಥದಲ್ಲಿ, ಇಂದಿಗೂ ಬಳಕೆಯಲ್ಲಿದೆಯೇ? ‘ತಕ್ಕ ಅನುವು’ ಎಂದರೆ ಹದಿನೆಂಟು ವರ್ಷದವರಿಗೆ ಅರ್ಥವಾದೀತೇ?

ಎರಡನೆಯದು ಗದಗ, ಧಾರವಾಡ ಕಡೆಯವರಿಗೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಲಿಸುವವರೇ ಹಾಗಿದ್ದಲ್ಲಿ ಯಾರು ಯಾರಿಗೆ ವಿನಾಯಿತಿ ಕೊಡಬೇಕು? ಅಲ್ಲಿ ಕಲಿತವರ ಮಾತಿನಲ್ಲಿ ಇಂಥ ಏರ್ಪಾಡುಗಳಿಗೆ ಹೆಸರೇನಾದರೂ ಇದ್ದರೆ ನನಗೆ ಅದು ಬೇಕು. ಹೆಸರೇ ಇಡದೆ ನಡೆಸಿದ್ದರೆ ಅದನ್ನೂ ತಿಳಿಸಿ.

ಸದ್ಯಕ್ಕೆ ಹೊಸ ನಮೂನೆಯ ಕರಡಿನಲ್ಲಿ ‘ತಕ್ಕ ಅನುವು’ ಎಂದು ಪೆನ್ಸಿಲಿನಲ್ಲಿ ಬರೆದು ಹುಡುಗಿಗೆ ತೋರಿಸಿದೆ. ಪದದ ಬಗ್ಗೆ ಏನೂ ಹೇಳಲಿಲ್ಲ. “ಬೇಕಾದದ್ದನ್ನು ಬರೆಯಲು ಎಷ್ಟು ಸಾಲು ಬಿಟ್ಟಿದ್ದೀರಿ?” ಎಂದು ಕೇಳಿದಳು. ಒಂದು ಬಿಟ್ಟಿದ್ದೆ, ಈಗ ಆರು ಮಾಡಿದ್ದೇನೆ. ಕೈಪಿಡಿ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.