ಸ್ಟೆಪ್ನಿಯಲ್ಲಿ ಗಾಳಿ

2019ರ ಮಾರ್ಚ್‌ನಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆಯ ಮಾತೇ ಬೇಡ ಎಂದು ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ದಿನಾಂಕ ಘೋಷಣೆಯಾದ ದಿನವೇ ಇಬ್ಬರು ಗುಂಪು ಬಿಟ್ಟು ಹೋಗಿ, ಅತ್ತೆ ಫೋನ್ ಮಾಡಿ ರಮಿಸಿದ ಮೇಲೆ ವಾಪಸ್ ಬಂದಿದ್ದರು. ಆಮೇಲೆ ಮೂರು ದಿನ ಬರೀ ಗುಲಾಬಿ ಹೂವು, ಶುಭೋದಯ. ಜಗಳವಿಲ್ಲದೆ ಎಲ್ಲರಿಗೂ ಬಾಯಿ ಚಪ್ಪೆಯಾಗಿತ್ತು. ಅಂಥ ಹೊತ್ತಿನಲ್ಲಿ ಬಾಸ್ಟನ್‌ನಲ್ಲಿರುವ ಪುಟ್ಟ ಒಂದು ಫೋಟೊ ಹಾಕಿದ.

ಕಂಚಿನ ಎರಡು ಪ್ರತಿಮೆ, ಇಬ್ಬರೂ ನಿಂತು ಮಾತಾಡುತ್ತಿರುವ ಹಾಗೆ. ಕೆಳಗೆ ಒಂದು ಲಿಂಕು. ಅದರ ಕೆಳಗೆ ಪುಟ್ಟನ ಒಕ್ಕಣೆ: "ಮೂರ್ತಿ ಇಟ್ಟುಕೊಂಡರು, ಮನುಷ್ಯನನ್ನು ಕಳಿಸಿದರು."

ಅದು ನನಗೇ ಹೊಡೆದ ಕಲ್ಲು. ನಾನಿರುವುದು ಫಿಲಡೆಲ್ಫಿಯಾ ಹತ್ತಿರದ ಎಕ್ಸ್ಟನ್‌ನಲ್ಲಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಮ್ಮ ತಂಡ ಈಗಲ್ಸ್. ಪುಟ್ಟ ಪೇಟ್ರಿಯಟ್ಸ್ ಕಡೆಯವನು. ಆದರೆ ನಾನು ನೋಡುವ ಮೊದಲೇ ಮೈಸೂರಿನಲ್ಲಿ ಬೆಳಗ್ಗೆ ಆರಾಗಿತ್ತು.

ದೊಡ್ಡಪ್ಪ: "ಓಂ ಶಾಂತಿ. ಸಣ್ಣ ವಯಸ್ಸು. ಭಗವಂತ ಕುಟುಂಬಕ್ಕೆ ದುಃಖ ತಡೆಯುವ ಶಕ್ತಿ ಕೊಡಲಿ."

ಪ್ರತಿಮೆ ಕಂಡರೆ ನಮ್ಮ ಕಡೆ ಇನ್ನೇನು ಅಂದುಕೊಳ್ಳುತ್ತಾರೆ ಹೇಳಿ. ಹಿಂದೆಯೇ ಅತ್ತೆಯ ಕೈಮುಗಿದ ಚಿತ್ರ. ಚಿಕ್ಕಮ್ಮನ "ಅಯ್ಯೋ ಪಾಪ". ಒಟ್ಟು ಒಂಬತ್ತು ಓಂ ಶಾಂತಿ ಬಂದವು. ಹತ್ತನೆಯದಾಗಿ ಅತ್ತೆಯೇ ಕೇಳಿದರು, "ಹೋದವರು ಎಡಗಡೆಯವರಾ, ಬಲಗಡೆಯವರಾ?"

ನಾನು ಊಟ ಬಿಟ್ಟು ಟೈಪ್ ಮಾಡಲು ಕೂತೆ. ಯಾರೂ ಸತ್ತಿಲ್ಲ. ಒಬ್ಬ ನಿಕ್ ಫೋಲ್ಸ್, ಇನ್ನೊಬ್ಬರು ಕೋಚ್ ಡಗ್ ಪೀಡರ್ಸನ್. ಇಬ್ಬರೂ ಕಲ್ಲಿನ ಹಾಗೆ ಗಟ್ಟಿ ಇದ್ದಾರೆ. ಫೋಲ್ಸ್ ತಂಡ ಬಿಟ್ಟು ಜಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಹೋಗುತ್ತಿದ್ದಾನೆ, ಅಷ್ಟೇ. ಈ ಆಟದಲ್ಲಿ ಬಾಲ್ ಹಿಡಿದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನಿಗೆ ಪೆಟ್ಟಾದರೆ ಬರಲಿ ಎಂದು ಇನ್ನೊಬ್ಬನನ್ನು ಬೆಂಚಿನ ಮೇಲೆ ಕೂರಿಸಿರುತ್ತಾರೆ. ಫೋಲ್ಸ್ ಆ ಎರಡನೆಯವನು, ಹೋದ ವರ್ಷ ಹಾಗೆ ಬಂದೇ ನಮಗೆ ಕಪ್ ಗೆದ್ದುಕೊಟ್ಟವನು.

ಅತ್ತೆ: "ಅಂದ್ರೆ ಸ್ಟೆಪ್ನಿ."

ಇಪ್ಪತ್ತು ವರ್ಷದಿಂದ ಈ ಆಟ ನೋಡುತ್ತಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಮಾತ್ರ "ಆ ಪದ ಗುಂಪಿನಲ್ಲಿ ಬೇಡ, ಮಕ್ಕಳಿದ್ದಾರೆ" ಎಂದರು.

ಸಾವಿನ ಸುದ್ದಿ ತಪ್ಪಿದ್ದು ದೊಡ್ಡಪ್ಪನಿಗೆ ಸ್ವಲ್ಪ ನಿರಾಸೆಯೇ ಆಗಿರಬೇಕು. ಆದರೂ ಸುಧಾರಿಸಿಕೊಂಡರು. "ಕಪ್ ಗೆದ್ದುಕೊಟ್ಟವನನ್ನು ಒಂದೇ ವರ್ಷಕ್ಕೆ ಹೊರಗೆ ಹಾಕಿದರಾ? ಇದೇ ನೋಡಿ ಇವತ್ತಿನ ಕಾಲ. ದುಡಿದವನಿಗೆ ಬೆಲೆ ಇಲ್ಲ. ನಾನು ಮೂವತ್ತೊಂದು ವರ್ಷ ದುಡಿದೆ. ಕೊನೆಗೆ ಏನು ಕೊಟ್ಟರು? ವಿಆರ್‌ಎಸ್ ಫಾರಂ ಮತ್ತು ಒಂದು ಗೋಡೆ ಗಡಿಯಾರ." ಆ ಗಡಿಯಾರದ ಕಥೆ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ. ಅದು ಮೊದಲ ದಿನದಿಂದಲೂ ಹತ್ತು ನಿಮಿಷ ಹಿಂದೆ.

ಆಗ ಎಡಿಸನ್‌ನಿಂದ ಭಾವ ಬಂದರು. ಭಾವ ಎಂದರೆ ದೊಡ್ಡಪ್ಪನ ಅಳಿಯ. ಕಷಾಯ, ಗ್ರಹಣ, ಬೆಳ್ಳುಳ್ಳಿ ಏನೇ ಫಾರ್ವರ್ಡ್ ಬರಲಿ, "ಮೂಲ ಎಲ್ಲಿ?" ಎಂದು ಕೇಳುವ ಒಬ್ಬರೇ ಆಸಾಮಿ. ಮಾವನವರನ್ನು ನೇರವಾಗಿ ಕೇಳುವ ಹಾಗಿಲ್ಲ, ಅದಕ್ಕೆ ಎಲ್ಲರನ್ನೂ ಕೇಳುತ್ತಾರೆ. "ಲಿಂಕ್ ಓದಿದವರು ಕೈ ಎತ್ತಿ."

ಯಾರ ಕೈಯೂ ಏಳಲಿಲ್ಲ. ಹಾಕಿದ ಪುಟ್ಟನೇ ಓದಿರಲಿಲ್ಲ.

ಭಾವನೇ ಬಿಡಿಸಿ ಬರೆದರು. ಹೊರಗೆ ಹಾಕಿಲ್ಲ. ಈಗಲ್ಸ್ ಅವನನ್ನು ಇನ್ನೊಂದು ವರ್ಷಕ್ಕೆ 2 ಕೋಟಿ ಡಾಲರ್ ಕೊಟ್ಟು ಉಳಿಸಿಕೊಳ್ಳಲು ಮುಂದಾಗಿತ್ತು. ಬೇಡ ಎನ್ನುವ ಹಕ್ಕು ಅವನಿಗೂ ಇತ್ತು, ಆದರೆ ಅದಕ್ಕೆ ಬೆಲೆ ಕಟ್ಟಬೇಕಿತ್ತು. 20 ಲಕ್ಷ ಡಾಲರ್ ತಾನೇ ಕೊಟ್ಟು ಬಿಡಿಸಿಕೊಂಡ.

ಗುಂಪು ಒಂದು ನಿಮಿಷ ತಣ್ಣಗಾಯಿತು. ನಂತರ ಚಿಕ್ಕಪ್ಪ: "ಕೆಲಸ ಬಿಡೋಕೆ 14 ಕೋಟಿ ರೂಪಾಯಿ ಕೊಟ್ಟನಾ? ತಲೆ ಸರಿ ಇದೆಯಾ?"

ಬೆಂಗಳೂರಿನ ಅಪ್ಪಿ, ಅತ್ತೆಯ ಮಗ, ಆಫೀಸ್ ಬಸ್ಸಿನಿಂದ ಉತ್ತರಿಸಿದ. "ನೋಟಿಸ್ ಪೀರಿಯಡ್ ಬೈಔಟ್ ಮಾವ. ನಾನೂ ಕೊಟ್ಟಿದ್ದೆ." ಈ ಒಂದು ಸಾಲಿನಿಂದ ಇಡೀ ವ್ಯವಹಾರ ಎಲ್ಲರಿಗೂ ಅರ್ಥವಾಯಿತು. ಅಪ್ಪಿ ಮೂರನೇ ಸಲ ಕೆಲಸ ಬದಲಿಸಿದ್ದಾನೆ ಎನ್ನುವುದು ಅತ್ತೆಗೂ ಆಗಲೇ ಗೊತ್ತಾಯಿತು. ಅವರಿಬ್ಬರ ಮಾತು ಬೇರೆ ಕಡೆ ನಡೆಯಿತು, ನಮಗೆ ಕಾಣಲಿಲ್ಲ.

ನಾನೂ ಸುಮ್ಮನಿರಬಹುದಿತ್ತು. ಇರಲಿಲ್ಲ. ತಂಡದ ಲೆಕ್ಕವನ್ನೂ ಹಾಕಿದೆ. ಇನ್ನೂ ಉಳಿಸಿಕೊಳ್ಳಲೇಬೇಕು ಎಂದಿದ್ದರೆ 'ಫ್ರಾಂಚೈಸ್ ಟ್ಯಾಗ್' ಎನ್ನುವ ಕಟ್ಟು ಹಾಕಬಹುದಿತ್ತು. ಅದಕ್ಕೆ ಒಂದು ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಡಾಲರ್. ಆ ವರ್ಷ ಇಡೀ ತಂಡದ ಸಂಬಳಕ್ಕೆ ಇದ್ದ ಮಿತಿಯೇ 18.8 ಕೋಟಿ. 53 ಆಟಗಾರರಿಗೆ ಹಂಚಬೇಕಾದ ದುಡ್ಡಿನಲ್ಲಿ ಎಂಟನೇ ಒಂದು ಪಾಲಿಗಿಂತ ಜಾಸ್ತಿ ಬೆಂಚಿನ ಮೇಲೆ ಕೂರುವವನಿಗೆ ಕೊಟ್ಟರೆ ಮೈದಾನದಲ್ಲಿ ಓಡುವವರು ಏನು ತಿನ್ನಬೇಕು? ಮೊದಲನೆಯವನು ಕಾರ್ಸನ್ ವೆಂಟ್ಜ್, ಇನ್ನೂ ಹುಡುಗ, ಅವನಿಗೂ ದೊಡ್ಡ ಮೊತ್ತ ಕೊಡುವ ಕಾಲ ಬರುತ್ತಿತ್ತು. ಅತ್ತ ಫೋಲ್ಸ್‌ಗೆ ಮೂವತ್ತು, ಅವನಿಗೆ ತನ್ನದೇ ತಂಡ ಬೇಕು. ಜಾಕ್ಸನ್‌ವಿಲ್ ನಾಲ್ಕು ವರ್ಷಕ್ಕೆ 8.8 ಕೋಟಿ ಡಾಲರ್ ಎಂದಿತು. ಇದರಲ್ಲಿ ದ್ರೋಹ ಎಲ್ಲಿದೆ? ಮನೆ ಭಾಗವಾದಾಗ ಎಲ್ಲರೂ ಕೂತು ಊಟ ಮಾಡಿ ಹೊರಟ ಹಾಗೆ ಇದು.

ಮನೆ ಭಾಗದ ಹೋಲಿಕೆ ನಮ್ಮ ಗುಂಪಿನಲ್ಲಿ ಕೊಡಬಾರದಿತ್ತು.

"ಯಾವ ಮನೆ ಭಾಗದಲ್ಲಿ ಎಲ್ಲರೂ ಊಟ ಮಾಡಿ ಹೊರಟರು?" ಎಂದು ಚಿಕ್ಕಪ್ಪ. "ಹಿತ್ತಲಿನ ಹಲಸಿನ ಮರ ಯಾರ ಕಡೆ ಬಂತು ಅಂತ ಇನ್ನೂ ಗೊತ್ತಿಲ್ಲ" ಎಂದು ಚಿಕ್ಕಮ್ಮ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಮೇಲೆ ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಐದು ನಿಮಿಷದ ನಂತರ ಒಂದೇ ಪದ ಬಂತು: "ಸರಿ."

ಬೆಂಕಿ ಆರಿಸಲಿಕ್ಕೋ, ತುಪ್ಪ ಸುರಿಯಲಿಕ್ಕೋ, ಪುಟ್ಟ ಒಂದು ಸ್ಕ್ರೀನ್‌ಶಾಟ್ ಹಾಕಿದ. 2017ರ ಡಿಸೆಂಬರ್ 10, ಇದೇ ಗುಂಪು, ಬರೆದವನು ನಾನು: "ವೆಂಟ್ಜ್ ಮಂಡಿ ಹೋಯ್ತು. ಇನ್ನು ಫೋಲ್ಸ್ ಅಂತೆ. ಸೀಸನ್ ಮುಗೀತು, ನಾಳೆಯಿಂದ ಭಾನುವಾರ ತೋಟದ ಕೆಲಸ."

ಇದನ್ನು ಹದಿನೈದು ತಿಂಗಳು ಜೋಪಾನವಾಗಿ ಇಟ್ಟುಕೊಂಡಿದ್ದ. ಎಂಥ ಛಲ ನೋಡಿ. ಬರೆದದ್ದು ನಿಜ. ಎರಡು ತಿಂಗಳೂ ಆಗಿರಲಿಲ್ಲ, 2018ರ ಫೆಬ್ರವರಿ 4ಕ್ಕೆ ಮಿನಿಯಾಪೊಲಿಸ್‌ನಲ್ಲಿ ಅದೇ ಫೋಲ್ಸ್ 41–33ರಿಂದ ಪುಟ್ಟನ ಪೇಟ್ರಿಯಟ್ಸನ್ನು ಸೋಲಿಸಿ ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ಕಪ್ ತಂದುಕೊಟ್ಟ. ನಾನು ಮೆರವಣಿಗೆಯಲ್ಲಿ ಬ್ರಾಡ್ ಸ್ಟ್ರೀಟಿನ ಚಳಿಯಲ್ಲಿ ನಿಂತು ಅತ್ತವನು. ತೋಟದ ಕೆಲಸದ ಮಾತನ್ನು ಆವತ್ತು ಯಾರಿಗೂ ನೆನಪಿಸಿರಲಿಲ್ಲ.

"ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರೇಡಿ ಆವತ್ತು 505 ಗಜ ಎಸೆದಿದ್ದ. ಫೋಲ್ಸ್ 373. ಲೆಕ್ಕ ಹಾಕು" ಎಂದ ಪುಟ್ಟ.

"ಬ್ರೇಡಿ ಕಡೆಗೆ ಎಸೆದ ಬಾಲನ್ನು ಬ್ರೇಡಿ ಬಿಟ್ಟ. ಫೋಲ್ಸ್ ಕಡೆಗೆ ಎಸೆದದ್ದನ್ನು ಫೋಲ್ಸ್ ಹಿಡಿದ. ಅದನ್ನೂ ಹಾಕು" ಎಂದೆ. ಆ ಪ್ರತಿಮೆ ಅದೇ ಗಳಿಗೆಯದು. ಅಂಕ ಸಿಗುವ ಗೆರೆಗೆ ಒಂದೇ ಗಜ ಬಾಕಿ, ಕೊನೆಯ ಅವಕಾಶ. ಎಸೆಯಬೇಕಾದವನೇ ಓಡಿ ಹಿಡಿಯುವ ಆಟವನ್ನು ಆಡೋಣವೇ ಎಂದು ಫೋಲ್ಸ್ ಕೋಚ್ ಹತ್ತಿರ ಹೋಗಿ ಕೇಳುತ್ತಾನೆ, ಪೀಡರ್ಸನ್ ಸರಿ ಎನ್ನುತ್ತಾರೆ. ಆಟಗಾರ ಬಾಲ್ ಹಿಡಿದ ಕ್ಷಣವನ್ನಲ್ಲ, ಕೋಚನ್ನು ಕೇಳಿದ ಕ್ಷಣವನ್ನು ಕಂಚಿನಲ್ಲಿ ಎರಕ ಹೊಯ್ದಿದ್ದಾರೆ. ನನಗೆ ಅದು ಬಹಳ ಇಷ್ಟ.

"ಇಬ್ಬರೂ ಸುಮ್ನೆ ಇರಿ. ಪೇಟ್ರಿಯಟ್ಸನ್ನು ಸೂಪರ್ ಬೌಲ್‌ನಲ್ಲೇ ಎರಡು ಸಲ ಸೋಲಿಸಿದ್ದು ನಮ್ಮ ಈಲೈ ಮ್ಯಾನಿಂಗ್" ಎಂದರು ಭಾವ. ಅವರು ನ್ಯೂಯಾರ್ಕ್ ಜೈಂಟ್ಸ್ ಕಡೆಯವರು. ಮೂಲ ಕೇಳುವವರಿಗೂ ಒಂದು ತಂಡ ಇರುತ್ತದೆ.

ಇಷ್ಟರಲ್ಲಿ ಅಪ್ಪಿ ಬಸ್ಸಿಳಿದಿರಬೇಕು. "ಸ್ಟೆಪ್ನಿ ಅಂದಾಗ ನೆನಪಾಯ್ತು, 1994ರಲ್ಲಿ ಧರ್ಮಸ್ಥಳಕ್ಕೆ ಹೋದಾಗ ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆಗಿತ್ತಲ್ವಾ?"

ಎಲ್ಲರೂ ಫುಟ್‌ಬಾಲ್ ಅಲ್ಲೇ ಬಿಟ್ಟರು. ಚಿಕ್ಕಪ್ಪನ ಅಂಬಾಸಿಡರ್, ಒಳಗೆ ಒಂಬತ್ತು ಜನ. ಸಕಲೇಶಪುರ ದಾಟಿ ಗುಂಡ್ಯ ಇನ್ನೂ ದೂರ ಇರುವಾಗ ಹಿಂದಿನ ಚಕ್ರ ಕುಸಿಯಿತು. ಮಳೆ, ಕತ್ತಲೆ. ಡಿಕ್ಕಿ ತೆರೆದರೆ ಸ್ಟೆಪ್ನಿ ಇತ್ತು, ಅದರಲ್ಲಿ ಗಾಳಿ ಇರಲಿಲ್ಲ. ಅಜ್ಜಿ ರಸ್ತೆ ಬದಿಯಲ್ಲೇ ಡಬ್ಬಿ ಬಿಚ್ಚಿ ಎಲ್ಲರಿಗೂ ಪುಳಿಯೋಗರೆ ಕೊಟ್ಟಿದ್ದರು. ಬಾಳೆಎಲೆ ಮೇಲೆ ಮಳೆಹನಿ ಬೀಳುತ್ತಿತ್ತು ಎಂದು ಅತ್ತೆ ಬರೆದರು. ಆ ಪುಳಿಯೋಗರೆ ರುಚಿ ಆಮೇಲೆ ಯಾರ ಕೈಯಲ್ಲೂ ಬರಲಿಲ್ಲ ಎಂದು ಚಿಕ್ಕಮ್ಮ ಬರೆದರು. ಲಾರಿಯವನೊಬ್ಬ ಟೈರ್ ತೆಗೆದುಕೊಂಡು ಹೋಗಿ ರಿಪೇರಿ ಮಾಡಿಸಿ ತಂದಾಗ ರಾತ್ರಿ ಎರಡು. ಹತ್ತು ನಿಮಿಷ ಎಲ್ಲರೂ ಎಷ್ಟು ಚೆನ್ನಾಗಿದ್ದರು!

ಆಗ ದೊಡ್ಡಪ್ಪ: "ಹೊರಡುವ ಮುಂಚೆ ಸ್ಟೆಪ್ನಿ ನೋಡಿ ಅಂತ ನಾನು ಹೇಳಿದ್ದೆ."

ಚಿಕ್ಕಪ್ಪ: "ನನಗೆ ಹೇಳಲಿಲ್ಲ ಅಣ್ಣ."

ದೊಡ್ಡಪ್ಪ: "ನಿನಗೆ ಅಂತ ನಾನು ಹೇಳಲಿಲ್ಲವಲ್ಲ."

ಇನ್ನುಳಿದ ಗಂಡಸು ಒಬ್ಬರೇ. ಮದುವೆಯಾಗಿ ಐದು ತಿಂಗಳಾಗಿದ್ದ ಹೊಸ ಅಳಿಯ. ಭಾವ ಕೂಡಲೇ ಬರೆದರು: "ಮಾವ, ಆವತ್ತು ನೀವು ಹೇಳಿದ್ದು ಎಣ್ಣೆ ನೋಡಿ ಅಂತ. ಎಣ್ಣೆ ನೋಡಿದ್ದೆ."

ಇಪ್ಪತ್ತೈದು ವರ್ಷದಲ್ಲಿ ಅಳಿಯ ಮಾವನಿಗೆ ಎದುರಾಡಿದ್ದು ಇದೇ ಮೊದಲು, ಅದೂ ಬರವಣಿಗೆಯಲ್ಲಿ. ಅಕ್ಕ ಅಪ್ಪನ ಕಡೆಯೋ ಗಂಡನ ಕಡೆಯೋ ಎಂದು ನಾವೆಲ್ಲ ಕಾದೆವು. ಅಕ್ಕ ಬರೆದಳು: "ಇನ್ನು ಮೇಲೆ ಚುನಾವಣೆ ಜೊತೆಗೆ ಫುಟ್‌ಬಾಲ್ ಕೂಡ ಬಂದ್."

ದೊಡ್ಡಪ್ಪ ಅಂದಿನಿಂದ ನಾಲ್ಕು ದಿನ ಶುಭೋದಯ ಕಳಿಸಲಿಲ್ಲ. ಭಾವ ಪ್ರೊಫೈಲ್ ಚಿತ್ರ ಬದಲಿಸಿ ಈಲೈ ಫೋಟೊ ಹಾಕಿಕೊಂಡರು. ಫೋಲ್ಸ್ ಜಾಕ್ಸನ್‌ವಿಲ್‌ಗೆ ಹೋದ.

ಹೋಗಿ ಏನಾಯಿತು ಎಂದರೆ, ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯದಲ್ಲೇ ಹೆಗಲಿನ ಕಾಲರ್‌ಬೋನ್ ಮೂಳೆ ಮುರಿದುಕೊಂಡ. ಗಾರ್ಡ್ನರ್ ಮಿನ್ಶೂ ಎನ್ನುವ ಹೊಸ ಹುಡುಗ ಬಂದು ಹೆಸರು ಮಾಡಿದ. ಆ ಸೀಸನ್ ಮುಗಿಯುವ ಹೊತ್ತಿಗೆ ಫೋಲ್ಸ್ ಮತ್ತೆ ಬೆಂಚಿನ ಮೇಲೆ. ಈ ಸುದ್ದಿಯನ್ನು ನಾನು ಗುಂಪಿನಲ್ಲಿ ಹಾಕಲಿಲ್ಲ. ಪುಟ್ಟ ಹಾಕಿದ, ಅಕ್ಕ ಅಳಿಸು ಎಂದಳು.

2020ರ ಜನವರಿ 5. ಫಿಲಡೆಲ್ಫಿಯಾದಲ್ಲಿ ಸಿಯಾಟಲ್ ವಿರುದ್ಧ ಪ್ಲೇಆಫ್ ಪಂದ್ಯ. ಮೊದಲ ಕಾಲು ಭಾಗದಲ್ಲೇ ವೆಂಟ್ಜ್ ತಲೆಗೆ ಪೆಟ್ಟಾಗಿ ಒಳಗೆ ಹೋದ. ಬೆಂಚಿನಿಂದ ಎದ್ದು ಬಂದವನು ಜಾಶ್ ಮಕೌನ್, ನಲವತ್ತು ವರ್ಷದವನು. ಆಟ ಬಿಟ್ಟು ಟೀವಿಯಲ್ಲಿ ಮಾತಾಡುವ ಕೆಲಸಕ್ಕೆ ಸೇರಿದ್ದವನನ್ನು ಆಗಸ್ಟ್‌ನಲ್ಲಿ ಕರೆತಂದಿದ್ದರು. ಅಷ್ಟು ವರ್ಷ ಆಡಿದ್ದರೂ ಅವನಿಗೆ ಅದು ಮೊದಲ ಪ್ಲೇಆಫ್ ಪಂದ್ಯ. ತೊಡೆಯ ಹಿಂದಿನ ಸ್ನಾಯು ಮೂಳೆಯಿಂದಲೇ ಕಿತ್ತು ಬಂದಿದ್ದರೂ ಕುಂಟುತ್ತಾ ಕೊನೆವರೆಗೂ ಆಡಿದ. 17–9ಕ್ಕೆ ಸೋತೆವು. ಪಂದ್ಯ ಮುಗಿದ ಮೇಲೆ ಮಕೌನ್ ಅಳುತ್ತಿದ್ದ. ನನಗೂ ನೋಡಲಾಗದೆ ಟೀವಿ ಆರಿಸಿದೆ.

ಎಂಟು ಗಂಟೆಗೆ ಫೋನ್ ಟಿಣ್ ಎಂದಿತು. ಮೈಸೂರಿನಲ್ಲಿ ಬೆಳಗ್ಗೆ ಆರೂವರೆ. ಗುಲಾಬಿ ಹೂವಿನ ಕೆಳಗೆ ದೊಡ್ಡಪ್ಪ: "ನಿಮ್ಮ ತಂಡ ಸೋತಿತಂತೆ. ಆ ಪ್ರತಿಮೆ ಹುಡುಗ ಆಡಲಿಲ್ಲವೇ?"

"ಅವನು ಈಗ ನಮ್ಮಲ್ಲಿಲ್ಲ ದೊಡ್ಡಪ್ಪ" ಎಂದು ಬರೆದೆ. ಬರೆದ ಮೇಲೆ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಅತ್ತೆಯ ಓಂ ಶಾಂತಿ ಬಂದಿತ್ತು.

ಅದರ ಹಿಂದೆಯೇ ಚಿಕ್ಕಪ್ಪ: "ಬೇರೆ ಸ್ಟೆಪ್ನಿ ಇತ್ತಲ್ಲ. ಗಾಳಿ ಇತ್ತಾ ಅಂತ ಯಾರಾದರೂ ನೋಡಿದ್ದರಾ?"

ಭಾವನ ಹೆಸರಿನ ಮುಂದೆ 'ಟೈಪ್ ಮಾಡುತ್ತಿದ್ದಾರೆ' ಎಂದು ಬಂತು. ಬಹಳ ಹೊತ್ತು ಇತ್ತು.