ಸಂತೇಮರಹಳ್ಳಿ ಕ್ಷೇತ್ರ ಎಲ್ಲಿ ಹೋಯ್ತು?

ಟ್ರಂಕಿನ ಕೀಲಿ:
ಯಳಂದೂರಿನ ನಮ್ಮಜ್ಜಿಯ ಟ್ರಂಕಲ್ಲಿ ಹಳೇ ವೋಟರ್ ಕಾರ್ಡ್ ಸಿಕ್ತು. ವಿಧಾನಸಭಾ ಕ್ಷೇತ್ರ ಅನ್ನೋ ಕಡೆ "ಸಂತೇಮರಹಳ್ಳಿ" ಅಂತಿದೆ. ಈಗಿನ 224 ಕ್ಷೇತ್ರಗಳ ಪಟ್ಟೀಲಿ ಆ ಹೆಸರೇ ಇಲ್ಲ. ಅಜ್ಜೀನ ಕೇಳಿದ್ರೆ "ಅದೇ ಕಣವ್ವ, ಒಂದ್ ಓಟ್ನಲ್ಲಿ ಗೆದ್ದದ್ದು" ಅಂತಾರೆ. ನಿಜಾನಾ, ಊರಿನ ಕಥೇನಾ?

ನಿವೃತ್ತ ಮೇಷ್ಟ್ರು:
ನಿಜ ಕಣಮ್ಮ. 2004ರ ಚುನಾವಣೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಕೃಷ್ಣಮೂರ್ತಿ ಅಂದ್ರೆ ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ ಅದು.

ಆ ಸಲ ನಾನು ಅಲ್ಲೇ ಒಂದು ಹಳ್ಳೀಲಿ ಮತಗಟ್ಟೆ ಅಧಿಕಾರಿ. ಶಾಲೆಯ ಕೊಠಡಿ, ಸುಡು ಬಿಸಿಲು, ಗೋಡೆ ಮೇಲೆ ಮಕ್ಕಳು ಬರೆದ ಕಾಗುಣಿತ. ಐದು ಗಂಟೆಗೆ ಮತದಾನ ಮುಗಿಸಬೇಕು. ಅಷ್ಟೊತ್ತಿಗೆ ಸಾಲಲ್ಲಿ ನಿಂತವರಿಗೆ ಚೀಟಿ ಕೊಡಬೇಕು. ಚೀಟಿ ಹಂಚೋದು ಸಾಲಿನ ಬಾಲದಿಂದ, ನಡುವೆ ಯಾರೂ ನುಸುಳಬಾರದು ಅಂತ. ಹಂಚಿ ತಿರುಗಿದೆ, ಒಬ್ಬ ಸೈಕಲ್ ತುಳ್ಕೊಂಡು ಬಂದ. ಕಬ್ಬಿನ ಗದ್ದೆಗೆ ನೀರು ಕಟ್ಟಿ ಬಂದವನು, ಮೊಣಕಾಲಿನ ತನಕ ಕೆಸರು. "ಸಾ, ಐದೇ ನಿಮಿಷ ಸಾ" ಅಂದ. ಆಗಲ್ಲಪ್ಪ ಅಂದೆ. ಬೈಲಿಲ್ಲ, ಗೊಣಗಲೂ ಇಲ್ಲ. ನಲ್ಲೀಲಿ ಕಾಲು ತೊಳ್ಕೊಂಡು ಹೋದ.

ಮೇ 13ಕ್ಕೆ ಎಣಿಕೆ. ಒಂದು ಓಟಿನ ಅಂತರ ಅಂತ ಗೊತ್ತಾದಾಗ ನನ್ನ ಕಣ್ಣ ಮುಂದೆ ಬಂದದ್ದು ಅಭ್ಯರ್ಥಿಗಳಲ್ಲ, ಆ ಕೆಸರು ಕಾಲು. ಅವನು ಯಾರಿಗೆ ಒತ್ತುತ್ತಿದ್ದನೋ ಆ ಮಾದೇಶ್ವರನಿಗೇ ಗೊತ್ತು. ಕೃಷ್ಣಮೂರ್ತಿಯವರ ಕಾರಿನ ಚಾಲಕನೇ ಕೆಲಸದ ಮೇಲಿದ್ದು ಓಟು ಹಾಕಿರಲಿಲ್ಲ ಅನ್ನೋ ಮಾತು ಆಮೇಲೆ ಪತ್ರಿಕೆಗಳಲ್ಲೂ ಬಂತು. ಅವನೊಬ್ಬ ಹಾಕಿದ್ದಿದ್ರೆ ಗೆದ್ದುಬಿಡ್ತಿದ್ರು ಅಂತ ಇವತ್ತಿಗೂ ಟೀ ಅಂಗಡೀಲಿ ಹೇಳ್ತಾರೆ.

ಕ್ಷೇತ್ರ ಹೋದದ್ದು 2008ರ ಮರುವಿಂಗಡಣೇಲಿ. ನಿಮ್ಮ ಯಳಂದೂರು ಈಗ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದೆ.

ಕಾಯ್ದೆ ಕಣ್ಣು:
ಮೇಷ್ಟ್ರೇ, ಒಂದು ತಿದ್ದುಪಡಿ. ಚಾಲಕ ಹಾಕಿದ್ದರೂ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ. ಇಬ್ಬರದೂ 40,752 ಆಗಿ ಸಮ ಆಗ್ತಿತ್ತು, ಅಷ್ಟೇ. ಆಗ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಚೀಟಿ ಯಾರಿಗೆ ಬರುತ್ತೋ ಅವರಿಗೆ ಇನ್ನೊಂದು ಮತ ಬಿತ್ತು ಅಂತ ಲೆಕ್ಕ. ಅಂದ್ರೆ ಆಗಲೂ ಅಂತರ ಒಂದೇ!

ನಿವೃತ್ತ ಮೇಷ್ಟ್ರು:
ಒಪ್ಪಿದೆ ಸ್ವಾಮಿ. ಇಷ್ಟು ವರ್ಷ ಟೀ ಅಂಗಡಿ ಲೆಕ್ಕವನ್ನೇ ನಾನೂ ನಂಬಿದ್ದೆ, ಗಣಿತದ ಮೇಷ್ಟ್ರಾಗಿ! ನನ್ನ ಸೈಕಲ್ಲಿನವನಿಗೂ ಅದೇ ಲೆಕ್ಕ ತಾನೇ. ಸ್ವಲ್ಪ ಹಗುರಾಯ್ತು.

ಲಾಲ್‌ಬಾಗ್ ವಾಕರ್:
ನಮ್ಮ ಜಯನಗರದಲ್ಲಿ 2023ರಲ್ಲಿ 16 ಓಟಿಗೆ ತಡರಾತ್ರಿ ತನಕ ಗಲಾಟೆ ಆಗಿತ್ತು, ನಿಮ್ಮದು ಒಂದೇ ಒಂದಾ? ರಾಜಸ್ಥಾನದ ನಾಥದ್ವಾರದಲ್ಲೂ 2008ರಲ್ಲಿ ಸಿ.ಪಿ. ಜೋಶಿ ಒಂದು ಓಟಿಗೆ ಸೋತಿದ್ದರು. ಅದಿರಲಿ, ಸಂತೇಮರಹಳ್ಳಿಯ ಈ ಇಬ್ಬರು ಆಮೇಲೆ ಏನಾದರು?

ನಿವೃತ್ತ ಮೇಷ್ಟ್ರು:
ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷವೇ ಚಾಮರಾಜನಗರದ ಸಂಸದರಾದರು, 2014ರಲ್ಲಿ ಮತ್ತೆ ಆರಿಸಿ ಬಂದರು. 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಎದುರು ಸೋತದ್ದು 1,817 ಮತಗಳಿಂದ. ಲೋಕಸಭೆಗೆ ಅದೂ ಕೂದಲೆಳೆಯೇ. ಒಂದರಲ್ಲಿ ಗೆದ್ದವರು ಹಂಗೆ ಸೋತರು ನೋಡಿ.

ಕೃಷ್ಣಮೂರ್ತಿಯವರದು ಇನ್ನೂ ಉದ್ದದ ದಾರಿ. 2018ರ ಹೊತ್ತಿಗೆ ಅವರೂ ಕಾಂಗ್ರೆಸ್ ಅಭ್ಯರ್ಥಿ, ಕೊಳ್ಳೇಗಾಲದಲ್ಲೇ. ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. ಮಹೇಶ್ ಕುಮಾರಸ್ವಾಮಿ ಸರ್ಕಾರದಲ್ಲಿ ಮಂತ್ರಿಯಾಗಿ, 2019ರಲ್ಲಿ ವಿಶ್ವಾಸಮತಕ್ಕೆ ಹೋಗದೆ ಪಕ್ಷದಿಂದ ಹೊರಬಿದ್ದು, ಬಿಜೆಪಿ ಸೇರಿದರು. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರುಬದುರು. ಈ ಸಲ ಕೃಷ್ಣಮೂರ್ತಿ ಗೆದ್ದರು, ಅಂತರ 59,519. ಧ್ರುವನಾರಾಯಣ ಅದನ್ನ ನೋಡಲಿಲ್ಲ. ಎರಡು ತಿಂಗಳ ಹಿಂದೆ, ಮಾರ್ಚ್ 11ಕ್ಕೆ, ತೀರಿಕೊಂಡಿದ್ದರು. ಅವರ ಮಗ ದರ್ಶನ್ ಅದೇ ಚುನಾವಣೇಲಿ ನಂಜನಗೂಡಿನಿಂದ ಶಾಸಕರಾದರು.

ಟ್ರಂಕಿನ ಕೀಲಿ:
ಮೇಷ್ಟ್ರೇ, ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಸೈಕಲ್ಲಿನವನ ಕಥೆ ಕೇಳಿ "ಅಯ್ಯೋ ಪಾಪ" ಅಂದ್ರು. ನೀನು ಯಾರಿಗೆ ಹಾಕಿದ್ದೆ ಅಜ್ಜಿ ಅಂದ್ರೆ, ಆವತ್ತು ತಂಗಿ ಮನೆ ಗೃಹಪ್ರವೇಶಕ್ಕೆ ಟಿ. ನರಸೀಪುರಕ್ಕೆ ಹೋಗಿಬಿಟ್ಟಿದ್ರಂತೆ! ಎಣಿಕೆ ಆದ್ಮೇಲೆ ವಾರಗಟ್ಟಲೆ ಬೀದೀಲಿ ಎರಡೂ ಕಡೆಯವರು ಅಡ್ಡ ಹಾಕಿ "ನೀನು ಇದ್ದಿದ್ರೆ..." ಅಂತ ಕೇಳೋರಂತೆ. ಇದ್ದಿದ್ರೆ ಯಾರಿಗೆ ಹಾಕ್ತಿದ್ದೆ ಅಂದೆ. ಕಾರ್ಡ್ ಕಿತ್ಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದ್ರು.