ಅಪ್‌ಡೇಟ್: ಎರಡೆರಡು ಸೆಕೆಂಡ್ ಜಿಗಿಯುತ್ತಿದ್ದ ಸೌರ ಗಡಿಯಾರ

ನನ್ನ ಸೌರ ಕೈಗಡಿಯಾರದ ಸೆಕೆಂಡ್ ಮುಳ್ಳು ಎರಡು ಸೆಕೆಂಡಿಗೊಮ್ಮೆ ಜಿಗಿಯುತ್ತಿದೆ, ಯಂತ್ರ ಕೆಟ್ಟಿದೆಯೇ ಎಂದು ಕೇಳಿದ್ದೆ. ಕೆಟ್ಟಿರಲಿಲ್ಲ. ಸಂಗ್ರಹದಲ್ಲಿರುವ ವಿದ್ಯುತ್ ತಳಕ್ಕಿಳಿದಾಗ ಗಡಿಯಾರವೇ ಕೊಡುವ ಎಚ್ಚರಿಕೆ ಅದು. ಮುಳ್ಳು ಒಂದು ಗೀಟನ್ನು ದಾಟಿ ಮುಂದಿನದರ ಮೇಲೆ ಕೂರುತ್ತದೆ, ಎರಡು ಸೆಕೆಂಡ್ ಅಲ್ಲಾಡುವುದಿಲ್ಲ, ಮತ್ತೆ ಜಿಗಿಯುತ್ತದೆ. ನೋಡಿದರೆ ಗಾಬರಿಯಾಗುತ್ತದೆ, ಆದರೆ ಸಮಯ ತಪ್ಪುವುದಿಲ್ಲ.

ಬ್ಯಾಟರಿ ಬದಲಿಸುವ ಸಲಹೆಯನ್ನು ಬದಿಗಿಟ್ಟು, ಮೊದಲು ಬೆಳಕು ಕೊಡಿ ಎಂದವರ ಮಾತು ಕೇಳಿದೆ. ಈಗ ಮುಳ್ಳು ಸೆಕೆಂಡಿಗೊಮ್ಮೆ ಸರಿಯುತ್ತಿದೆ. ಕೋಣೆಯ ದೀಪ ಸಾಲದು ಎಂಬುದು ಲೆಕ್ಕದಲ್ಲೇ ಗೊತ್ತಾಗುತ್ತದೆ: ಕಚೇರಿಯ ಮೇಜಿನ ಮೇಲೆ ಸುಮಾರು 500 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕಿದ್ದರೆ, ನೇರ ಬಿಸಿಲಿನಲ್ಲಿ ಅದು 1,00,000 ಲಕ್ಸ್‌ನ ಆಸುಪಾಸು. ಹಾಗೆಂದು ಕಾದ ಕಾರಿನ ಡ್ಯಾಶ್‌ಬೋರ್ಡ್ ಮೇಲಾಗಲಿ, ಬಿಸಿಯಾಗುವ ಬಲ್ಬಿನ ಹತ್ತಿರವಾಗಲಿ ಇಡಬೇಡಿ. ವಿದ್ಯುತ್ ಸಂಗ್ರಹಿಸುವ ಒಳಗಿನ ಕೋಶಕ್ಕೆ ಕತ್ತಲೆಗಿಂತ ಶಾಖವೇ ದೊಡ್ಡ ಶತ್ರು. ನಾನು ಕಿಟಕಿಯ ಬಳಿ, ಮುಖ ಮೇಲಾಗಿ ಇಟ್ಟೆ. ಅಲಾರಂ, ಸ್ಟಾಪ್‌ವಾಚ್ ಮುಟ್ಟಲಿಲ್ಲ. ವಿದ್ಯುತ್ ಕಡಿಮೆಯಿರುವಾಗ ಅವು ದುಂದುಗಾರರು.

ಉದ್ದ ತೋಳಿನ ಅಂಗಿ ಗಡಿಯಾರವನ್ನು ಮುಚ್ಚುತ್ತಿರಬಹುದು ಎಂದವರು ಸರಿಯಾಗಿಯೇ ಹಿಡಿದಿದ್ದರು: ದಿನವಿಡೀ ಕೈಯಲ್ಲಿದ್ದರೂ ಗಡಿಯಾರ ಕತ್ತಲಲ್ಲೇ ಇತ್ತು. ಕೈ ಅಲುಗಾಟದಿಂದ ಚಾರ್ಜ್ ಆಗುವ ಸೈಕೊ ಕೈನೆಟಿಕ್ ಇದ್ದವರಿಗೆ ಈ ತೊಂದರೆಯಿಲ್ಲ. ಅವರು ಅದನ್ನು ಕಟ್ಟಿಕೊಂಡು ನಡೆದಾಡಿದರಾಯಿತು, ಪೆಟ್ಟಿಗೆಯಲ್ಲಿ ಮಲಗಿಸಬಾರದು ಅಷ್ಟೇ.